ರಸೀದಿಯ ಮೂರನೆಯ ಹೆಸರು

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರ ಮನೆಮನೆಯಲ್ಲೂ ಒಂದು ಪುಟ್ಟ ನ್ಯಾಯಾಲಯ ಸೇರುತ್ತದೆ. ಕಟಕಟೆಯಲ್ಲಿ ಮಗ ಅಥವಾ ಮಗಳು; ಪಾಟೀಸವಾಲು ಮಾಡುವವರು ಅಪ್ಪ; ಅಡುಗೆಮನೆಯ ಬಾಗಿಲಲ್ಲಿ ನಿಂತು ಆಗಾಗ ರಾಜಿಗೆ ಯತ್ನಿಸುವವರು ಅಮ್ಮ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಒಬ್ಬ ಕಿರಾಣಿ ವ್ಯಾಪಾರಿಯ ಮನೆಯಲ್ಲಿ ನಡೆದ ಕಲಾಪ ಮಾತ್ರ ಸ್ವಲ್ಪ ಬೇರೆ ಬಗೆಯದು. ಕಾಮರ್ಸಿನಲ್ಲಿ ಒಳ್ಳೆಯ ಅಂಕ ತೆಗೆದ ಮಗಳು ಬಿಕಾಂ ಬೇಡ, ಸಿಎ ಬೇಡ, ಬಿಬಿಎ ಓದುತ್ತೇನೆ, ಅದರಲ್ಲೂ ಲಾಜಿಸ್ಟಿಕ್ಸ್ ತೆಗೆದುಕೊಳ್ಳುತ್ತೇನೆ ಎಂದಳು.

"ಹಂಗಂದ್ರೇನಮ್ಮ?"

"ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾದ ಹೊತ್ತಿಗೆ, ಕಮ್ಮಿ ಖರ್ಚಲ್ಲಿ ತಲುಪ್ಸೋದು ಅಪ್ಪ. ಬೇರೆ ಕಂಪನಿಯೋರ ಸಾಮಾನಿನ ಜವಾಬ್ದಾರಿ ತಗೊಂಡು ಮಾಡೋದು."

"ಅಂದ್ರೆ ಲಾರಿ ಆಫೀಸು."

"ಒಂದ್ ರೀತಿ ಹಂಗೇ."

"ಮೂಟೆ ಹೊರೋಕೂ ಕಾಲೇಜು ಬಂತೇನೇ!"

ಆ ಅಪ್ಪನನ್ನು ನೋಡಿ ನಗುವುದು ಸುಲಭ. ಆದರೆ ಮೂವತ್ತು ವರ್ಷ ಅಂಗಡಿ ನಡೆಸಿದವರು ಅವರು. ಲಾರಿ ಆಫೀಸೆಂದರೆ ಅವರ ಕಣ್ಣ ಮುಂದೆ ಬರುವುದು ಬಸ್ ಸ್ಟ್ಯಾಂಡಿನ ಹಿಂದಿನ ಕತ್ತಲೆ ಕೋಣೆ, ಗೋಣಿಚೀಲದ ಧೂಳು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಗುಮಾಸ್ತ, "ನಾಳೆ ಬನ್ನಿ ಸ್ವಾಮಿ, ಗಾಡಿ ಇನ್ನೂ ಬಂದಿಲ್ಲ" ಎಂಬ ಮಾತು. ಮಗಳನ್ನು ಅಲ್ಲಿ ಕೂರಿಸಲು ಯಾವ ತಂದೆಗೆ ಮನಸ್ಸು ಬಂದೀತು? ಹಾಗಿದ್ದೂ ಅವರ ಅಂಗಡಿಯ ಒಂದೊಂದು ಗೂಡೂ ಆ ಕತ್ತಲೆ ಕೋಣೆಯ ಋಣದಲ್ಲಿದೆ. ಬೆಂಕಿಪೊಟ್ಟಣ ಶಿವಕಾಶಿ ಕಡೆಯದು, ತೊಗರಿಬೇಳೆ ಕಲಬುರಗಿಯದು, ಬೆಲ್ಲ ಮಂಡ್ಯದ್ದು, ಒಣಮೆಣಸಿನಕಾಯಿ ಬ್ಯಾಡಗಿಯದು. ಯಾವುದೂ ತಾನಾಗಿ ನಡೆದು ಬಂದದ್ದಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಗೋಡೆಗೆ ನೇತುಹಾಕಿದ ಕಂಬಿಯ ಕೊಕ್ಕೆಯಲ್ಲಿ ವರ್ಷಾನುಗಟ್ಟಲೆಯ ರಸೀದಿಗಳು ಚುಚ್ಚಿಕೊಂಡಿವೆ. ವ್ಯಾಪಾರಿಗಳು ಅದನ್ನು "ಎಲ್ಲಾರ್" ಎನ್ನುತ್ತಾರೆ. ಲಾರಿ ರಸೀದಿ.

ಆ ರಸೀದಿಯೊಂದನ್ನು ತೆಗೆದು ನೋಡಿದರೆ ಅದರಲ್ಲಿ ಮೂರು ಹೆಸರುಗಳಿರುತ್ತವೆ. ಕಳುಹಿಸಿದವರದು ಒಂದು, ಪಡೆಯುವವರದು ಒಂದು. ಇವೆರಡೂ ಕೈಬರಹದಲ್ಲಿ, ಕಾರ್ಬನ್ ಹಾಳೆಯ ಕೆಳಗೆ ಮಸುಕಾಗಿ. ಮೂರನೆಯದು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಅಚ್ಚಾಗಿರುತ್ತದೆ. ಹಾಗಿದ್ದರೂ ಆ ಹೆಸರನ್ನು ಯಾರೂ ಓದುವುದಿಲ್ಲ. ಸರಕು ಅವನದಲ್ಲ, ಅವನು ಅದನ್ನು ಮಾಡಿದವನೂ ಅಲ್ಲ, ಕೊಂಡವನೂ ಅಲ್ಲ. ಮಾರುವವನು ಮೊದಲ ಪಕ್ಷ, ಕೊಳ್ಳುವವನು ಎರಡನೆಯ ಪಕ್ಷ. ಇಬ್ಬರ ನಡುವೆ ಸಾಗಾಟ, ದಾಸ್ತಾನು, ಲೆಕ್ಕ ಇಷ್ಟನ್ನೂ ವಹಿಸಿಕೊಂಡವನು ಮೂರನೆಯ ಪಕ್ಷ. ವ್ಯವಹಾರಶಾಸ್ತ್ರದ ಪುಸ್ತಕಗಳು 'ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್' ಎಂದು ಕರೆಯುವುದು ಇದನ್ನೇ. ಸ್ಕೂಟರ್ ಇಟ್ಟುಕೊಂಡವರಿಗೆ 'ಥರ್ಡ್ ಪಾರ್ಟಿ' ಎಂದರೆ ವಿಮೆಯೇ ನೆನಪಾಗುವುದು. ವಿಮೆಯಲ್ಲಿ ಮೂರನೆಯವನೆಂದರೆ ಪೆಟ್ಟು ತಿಂದವನು. ಇಲ್ಲಿ ಮೂರನೆಯವನೆಂದರೆ ಹೊತ್ತವನು. ಎರಡರ ನಡುವಿನ ಅಂತರ ಕೆಲವೊಮ್ಮೆ ಅಷ್ಟೇನೂ ದೊಡ್ಡದಲ್ಲ ಎಂಬುದು ಬೇರೆ ಮಾತು.

ಅಮೆರಿಕದಲ್ಲಿ 1980ರಲ್ಲಿ ಲಾರಿ ಸಾರಿಗೆಯ ಮೇಲಿದ್ದ ಸರಕಾರಿ ಬಿಗಿ ಸಡಿಲಗೊಂಡ ಮೇಲೆ ಈ ಪದ ಹೆಚ್ಚು ಬಳಕೆಗೆ ಬಂತು. ಪದ ಹೊಸದು, ಅದರ ಹಿಂದಿರುವ ಪ್ರಶ್ನೆ ಬಹಳ ಹಳೆಯದು. ಸಾಗಾಟಕ್ಕೆ ಸ್ವಂತ ಗಾಡಿ ಇಟ್ಟುಕೊಳ್ಳುವುದೋ, ಅದೇ ಕಸುಬಿನವನಿಗೆ ಒಪ್ಪಿಸುವುದೋ? ಕನ್ನಡ ನಾಡಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳೂ ಇವೆ, ಅದೂ ಒಂದೇ ಕಾಲದಲ್ಲಿ, ಒಂದೇ ಯುದ್ಧದಲ್ಲಿ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುವ ರಾಸುಗಳ ಇಲಾಖೆಯೊಂದಿತ್ತು. ಅದರ ಹೆಸರು ಬೆಣ್ಣೆ ಚಾವಡಿ. ಹೈದರಾಲಿ ಆ ತಳಿಯ ಎತ್ತುಗಳನ್ನು ಫಿರಂಗಿ, ಮದ್ದುಗುಂಡು ಎಳೆಯಲು ಹೂಡಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು ಕಟ್ಟುನಿಟ್ಟಿನ ನಿಯಮ ಮಾಡಿದ. ಮೇವಿಗೆ ಕಾವಲು, ಕಾವಲಿಗೆ ಆಳು, ಆಳಿಗೆ ಲೆಕ್ಕ, ಎಲ್ಲ ಸರಕಾರದ್ದೇ. ಇದು ಸ್ವಂತ ಗಾಡಿಯ ದಾರಿ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತೆಂದು ಹಳೆಯ ಬರಹಗಳು ಹೇಳುತ್ತವೆ.

ಎದುರು ಪಾಳೆಯದಲ್ಲಿ ಏನಾಯಿತು? 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೂ ಬಂದ. ಅರಕೆರೆಯ ಬಳಿಯ ಕಾಳಗದಲ್ಲಿ ಅವನದೇ ಮೇಲುಗೈ. ಆದರೆ ಸೈನ್ಯಕ್ಕೆ ಅಕ್ಕಿ ಇಲ್ಲ, ಎತ್ತುಗಳು ಮೇವಿಲ್ಲದೆ ರೋಗ ಬಂದು ಸಾಲುಸಾಲಾಗಿ ಸತ್ತಿವೆ, ಮುಂಗಾರು ಬೇರೆ ಶುರುವಾಗಿದೆ. ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದಿದ್ದ ಭಾರೀ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಒಡೆದು ಹಾಕಿ ಬೆಂಗಳೂರಿಗೆ ಹಿಂದಿರುಗಿದ. ಶತ್ರುವಿಗೆ ಸೋತು ಬಂದದ್ದಲ್ಲ, ಸಾಗಾಟಕ್ಕೆ ಸೋತು ಬಂದದ್ದು. ಮರುವರ್ಷ 1792ರಲ್ಲಿ ಮತ್ತೆ ಹೊರಟಾಗ ಅವನ ಸೈನ್ಯದ ಹಿಂದೆ ಲಂಬಾಣಿಗರ ಹೇರೆತ್ತುಗಳ ದೊಡ್ಡ ದೊಡ್ಡ ಹಿಂಡುಗಳಿದ್ದವು. ಇಂಗ್ಲಿಷರ ದಾಖಲೆಗಳಲ್ಲಿ ಅವರು 'ಬ್ರಿಂಜಾರಿ'ಗಳು. ಯಾರ ಸೈನಿಕರೂ ಅಲ್ಲ, ಯಾರ ಸಂಬಳಗಾರರೂ ಅಲ್ಲ. ಧಾನ್ಯ ಕೊಂಡು, ಎತ್ತಿನ ಬೆನ್ನಿಗೆ ಹೇರಿ, ತಾಂಡಾ ಸಮೇತ ನಡೆದು, ಪಾಳೆಯದ ಬಜಾರಿನಲ್ಲಿ ಮಾರುವವರು. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಮೈಸೂರಿನಲ್ಲಿದ್ದ ಕಾಲದ ಪತ್ರಗಳಲ್ಲಿ ಬ್ರಿಂಜಾರಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ಯುದ್ಧದ ಚಿತ್ರಪಟಗಳಲ್ಲಿ ಕುದುರೆ ಇದೆ, ಕತ್ತಿ ಇದೆ. ಹೇರೆತ್ತು ಮಾತ್ರ ಯಾವುದೋ ಮೂಲೆಯಲ್ಲಿ, ಇದ್ದರೆ ಉಂಟು.

ಲಂಬಾಣಿಗರಿಗೂ ಇಂದಿನ ಮೂರನೆಯ ಪಕ್ಷಕ್ಕೂ ಒಂದು ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಹೇರೆತ್ತಿನ ಮೇಲಿನ ಧಾನ್ಯ ಹೊತ್ತವನದೇ ಆಗಿತ್ತು. ಲಾಭ ಬಂದರೂ ಅವನಿಗೆ, ಮಳೆಯಲ್ಲಿ ನೆನೆದರೂ ಅವನಿಗೆ. ಇಂದಿನವನು ಇತರರ ಸರಕನ್ನು ಹೊರುತ್ತಾನೆ. ಆದ್ದರಿಂದ ಅವನು ಮಾರುವುದು ಸರಕನ್ನಲ್ಲ, ಭರವಸೆಯನ್ನು. ಜೊತೆಗೆ ಇನ್ನೊಂದು ಮಾಯಾವಸ್ತುವನ್ನೂ ಮಾರುತ್ತಾನೆ: ಬೇರೆಯವರ ಲಾರಿಯಲ್ಲಿ ಖಾಲಿ ಉಳಿಯಬಹುದಾಗಿದ್ದ ಜಾಗವನ್ನು.

ಇದನ್ನು ಲೆಕ್ಕದಲ್ಲೇ ನೋಡುವುದು ಒಳ್ಳೆಯದು; ವಿದ್ಯಾರ್ಥಿಗಳಾದರೆ ಪೆನ್ಸಿಲು ಹಿಡಿಯಬಹುದು. ಬೆಂಗಳೂರಿನ ಬಿಸ್ಕತ್ತು ತಯಾರಕನೊಬ್ಬ ಸ್ವಂತ ಲಾರಿಯಲ್ಲಿ ಹುಬ್ಬಳ್ಳಿಗೆ ಮಾಲು ಕಳಿಸುತ್ತಾನೆ ಎನ್ನಿ. ಹೋಗುವ ದಾರಿ ಸುಮಾರು 410 ಕಿಲೋಮೀಟರ್, ಹೋಗಿ ಬರಲು 820. ಲೀಟರಿಗೆ 4 ಕಿಲೋಮೀಟರ್ ಓಡುವ ಗಾಡಿಯಾದರೆ 205 ಲೀಟರ್ ಡೀಸೆಲ್ ಬೇಕು. ಮಾಲು ಇಳಿಸಿ ಖಾಲಿ ಬಂದರೆ ಆ 205ರಲ್ಲಿ ಸರಿಯಾಗಿ ಅರ್ಧ ಗಾಳಿಯನ್ನು ಹೊತ್ತು ತರಲು ಖರ್ಚಾಯಿತು. ಚಾಲಕನ ಬಟ್ಟಾ, ಟೋಲು, ಟೈರಿನ ಸವೆತ ಎಲ್ಲಕ್ಕೂ ಇದೇ ನ್ಯಾಯ. ಬಿಸ್ಕತ್ತಿನವನಿಗೆ ಹುಬ್ಬಳ್ಳಿಯಲ್ಲಿ ಬೇರೆ ಯಾರ ಪರಿಚಯವೂ ಇಲ್ಲ. ಇದ್ದರೂ ಬಿಸ್ಕತ್ತು ಮಾಡುವುದು ಬಿಟ್ಟು ಬಾಡಿಗೆ ಹುಡುಕುತ್ತ ಕೂರಲು ಅವನಿಗೆ ಪುರಸೊತ್ತಿಲ್ಲ. ಮೂರನೆಯವನಿಗೆ ಅದೇ ಕಸುಬು. ಅವನ ಗಾಡಿ ಹಿಂದಿರುಗುವಾಗ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಬರುತ್ತದೆ. 'ರಿಟರ್ನ್ ಲೋಡ್' ಎಂಬ ಈ ಎರಡು ಪದಗಳಲ್ಲಿ ಇಡೀ ಉದ್ಯಮದ ಉಸಿರಿದೆ. ಬಿಸ್ಕತ್ತಿನವನಿಗೂ ಮೆಣಸಿನಕಾಯಿಯವನಿಗೂ ಬಾಡಿಗೆ ಇಳಿದೀತು, ಲಾರಿಯವನಿಗೂ ನಾಲ್ಕು ಕಾಸು ಉಳಿದೀತು.

ಪೂರ್ತಿ ಲಾರಿ ತುಂಬುವಷ್ಟು ಮಾಲು ಎಲ್ಲರ ಬಳಿ ಇರುವುದಿಲ್ಲವಲ್ಲ. ಮೂರು ಪೆಟ್ಟಿಗೆ ಕಳಿಸುವವನೂ ಇದ್ದಾನೆ. ಅಂಥ ನೂರು ಜನರ ಮೂರು ಮೂರು ಪೆಟ್ಟಿಗೆಗಳನ್ನು ಒಂದೆಡೆ ಸೇರಿಸಿ, ಊರಿನ ಪ್ರಕಾರ ಬೇರ್ಪಡಿಸಿ, ಒಂದೊಂದು ದಿಕ್ಕಿನ ಗಾಡಿಗೆ ತುಂಬುವುದು ಪಾರ್ಸೆಲ್ ಸಾಗಾಟ. ಕರ್ನಾಟಕದವರಿಗೆ ಇದು ಹಳದಿ ಬಣ್ಣದ ನೆನಪು. ಗದುಗಿನ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವ್ಯವಹಾರ ಮುಂದೆ ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ವಿಆರ್‌ಎಲ್ ಆಗಿ ಬೆಳೆಯಿತು. ಅವರ ಮನೆತನದ ಕಸುಬು ಲಾರಿಯದಲ್ಲ. ಪುಸ್ತಕ ಮುದ್ರಣ, ಪ್ರಕಟಣೆ. ಸಂಕೇಶ್ವರ ನಿಘಂಟು ಬಗಲಲ್ಲಿಟ್ಟುಕೊಂಡು ಶಾಲೆಗೆ ಹೋದವರು ಉತ್ತರ ಕರ್ನಾಟಕದ ತುಂಬ ಸಿಗುತ್ತಾರೆ. ಅಚ್ಚಿನಮನೆ ಬಿಟ್ಟು ಲಾರಿ ಹಿಡಿಯುತ್ತೇನೆಂದರೆ ಆ ಕಾಲದಲ್ಲಿ ನೆಂಟರಿಷ್ಟರು ಏನೆಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮೇಲಿನ ಕಿರಾಣಿ ವ್ಯಾಪಾರಿಯ ಮಾತಿಗಿಂತ ಅದೇನೂ ಮೃದುವಾಗಿದ್ದಿರಲಾರದು. ಕಲ್ಕತ್ತದಲ್ಲಿ 1958ರಲ್ಲಿ ಹುಟ್ಟಿದ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಆಫ್ ಇಂಡಿಯಾ ಕೂಡ ಆರಂಭದಲ್ಲಿ ಒಬ್ಬ ಮನುಷ್ಯ, ಒಂದು ಲಾರಿ, ಒಂದು ಆಫೀಸು ಅಷ್ಟೇ.

ಸಾಗಿಸುವುದು ಕೆಲಸದ ಒಂದು ಭಾಗ, ಇನ್ನೊಂದು ಭಾಗ ಇಟ್ಟುಕೊಳ್ಳುವುದು. ಸೋಪಿನ ಕಂಪನಿಯ ಮಾಲು ಕಾರ್ಖಾನೆಯಿಂದ ನೇರವಾಗಿ ಅಂಗಡಿಗೆ ಬರುವುದಿಲ್ಲ. ನಡುವೆ 'ಸಿ ಅಂಡ್ ಎಫ್' ಏಜೆಂಟನಿರುತ್ತಾನೆ. ಗೋದಾಮು ಅವನದು, ಸೋಪು ಕಂಪನಿಯದು. ಕಂಪನಿಯ ಪರವಾಗಿ ಮಾಲು ಇಳಿಸಿಕೊಳ್ಳುತ್ತಾನೆ, ಕಂಪನಿಯ ಹೆಸರಿನಲ್ಲೇ ಬಿಲ್ಲು ಹರಿಯುತ್ತಾನೆ, ವಿತರಕರಿಗೆ ಕಳಿಸುತ್ತಾನೆ, ಒಡೆದ ಪೆಟ್ಟಿಗೆಯ ಲೆಕ್ಕ ಕೊಡುತ್ತಾನೆ, ತನ್ನ ಕಮಿಷನ್ ಪಡೆಯುತ್ತಾನೆ. 'ಥರ್ಡ್ ಪಾರ್ಟಿ' ಎಂಬ ಪದ ಭಾರತಕ್ಕೆ ಬರುವ ಮೊದಲೇ ಆ ಕೆಲಸ ಮಾಡುತ್ತಿದ್ದವನು ಅವನು. ಒಂದು ಕಾಲದಲ್ಲಿ ದೊಡ್ಡ ಕಂಪನಿಗಳಿಗೆ ರಾಜ್ಯಕ್ಕೊಂದು ಗೋದಾಮು ಬೇಕೇ ಬೇಕಿತ್ತು. ಮಾಲು ಬೇಗ ತಲುಪಲೆಂದಲ್ಲ, ತೆರಿಗೆಯ ಕಾರಣಕ್ಕೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ. ತನ್ನದೇ ಗೋದಾಮಿಗೆ ವರ್ಗಾಯಿಸಿ ಅಲ್ಲಿಂದ ಮಾರಿದರೆ ಅದಿಲ್ಲ. ಹೀಗೆ ಗೋದಾಮು ಎಲ್ಲಿರಬೇಕೆಂಬುದನ್ನು ರಸ್ತೆಯಾಗಲಿ ಗಿರಾಕಿಯಾಗಲಿ ತೀರ್ಮಾನಿಸದೆ ತೆರಿಗೆ ಸಲಹೆಗಾರರು ತೀರ್ಮಾನಿಸುತ್ತಿದ್ದರು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ಕಾರಣ ಹೋಯಿತು. ಗಡಿಯ ತೆರಿಗೆ ಚೆಕ್‌ಪೋಸ್ಟಿನ ಮುಂದೆ ಮೈಲುದ್ದ ನಿಂತು ಬೇಯುವುದೂ ತಪ್ಪಿತು. ಹತ್ತು ಸಣ್ಣ ಗೋದಾಮುಗಳ ಬದಲು ಒಂದೆರಡು ಭಾರೀ ಗೋದಾಮುಗಳು ಸಾಕೆನಿಸಿತು. ಮುಂಬೈಗೆ ಭಿವಂಡಿ ಇದ್ದಂತೆ ಬೆಂಗಳೂರಿಗೆ ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರು. ರಾಗಿ ಹೊಲದ ಬದುವಿನಾಚೆ ಕಿಟಕಿಯೇ ಇಲ್ಲದ ಬಿಳಿಯ ತಗಡಿನ ಕಟ್ಟಡ ಕಂಡರೆ ಅದು ಕಾರ್ಖಾನೆಯೆಂದು ತಿಳಿಯಬೇಕಿಲ್ಲ. ಎಷ್ಟೋ ವೇಳೆ ಅದು ಗೋದಾಮೇ. ಒಳಗೆ ಸೋಪು, ಟಿವಿ, ಔಷಧಿ, ಚಪ್ಪಲಿ. ಹತ್ತು ಕಂಪನಿಗಳ ಮಾಲು, ಒಬ್ಬನ ಬೀಗ.

ಎಲ್ಲರೂ ಒಂದೇ ದಿಕ್ಕಿಗೆ ನಡೆದಿದ್ದಾರೆಂದಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಶುರುವಾದ ಫ್ಲಿಪ್‌ಕಾರ್ಟ್ ಮೊದಮೊದಲು ಕೊರಿಯರ್‌ನವರನ್ನು ನಂಬಿತ್ತು. ಎರಡು ವರ್ಷದಲ್ಲೇ ತನ್ನದೇ ಸಾಗಾಟ ವಿಭಾಗ ಕಟ್ಟಿಕೊಂಡಿತು. ಆ ಇಕಾರ್ಟ್ ಮುಂದೆ ಬೇರೆಯವರ ಮಾಲನ್ನೂ ಹೊರತೊಡಗಿತು. ಅಂದರೆ ಅಮೃತ ಮಹಲಿನ ದಾರಿ ಹಿಡಿದು ಹೊರಟು ಲಂಬಾಣಿಗರ ಕಡೆಗೆ ತಿರುಗಿತು. ಸ್ವಂತದ್ದೋ ಬಾಡಿಗೆಯದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಇದ್ದಿದ್ದರೆ ಅದನ್ನು ಕಲಿಸಲು ಕಾಲೇಜು ಬೇಕಿರಲಿಲ್ಲ. ಮಾಲು ಎಷ್ಟು, ದಾರಿ ಎಷ್ಟು ದೂರ, ಗಿರಾಕಿ ಎಷ್ಟು ಕಾದಾನು, ಮಾಲು ಎಷ್ಟು ಬೇಗ ಕೆಟ್ಟೀತು, ಹಬ್ಬದ ತಿಂಗಳಲ್ಲಿ ಎಷ್ಟು ಏರೀತು, ಇವನ್ನೆಲ್ಲ ತೂಗಿ ನೋಡಬೇಕು. ಮೂಟೆ ಹೊರುವುದಕ್ಕೆ ಡಿಗ್ರಿ ಬೇಡ ನಿಜ. ಯಾವ ಮೂಟೆಯನ್ನು ಎಲ್ಲಿ, ಎಂದು, ಯಾರ ಜೊತೆ ಹೇರಬೇಕೆಂಬುದಕ್ಕೆ ಲೆಕ್ಕ ಗೊತ್ತಿರಬೇಕು.

ಈ ಲೆಕ್ಕದ ಅತ್ಯಂತ ಅಂದವಾದ ನಮೂನೆ ಕರ್ನಾಟಕದ ಹಳ್ಳಿ ಮಕ್ಕಳು ದಿನಾ ನೋಡುವಂಥದ್ದೇ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಕ್ಯಾನುಗಳು ಸಾಲಾಗಿ ನಿಂತಿರುತ್ತವೆ. ಹಾಲಿನ ಗಾಡಿ ಒಂದೊಂದೇ ಊರಿನಲ್ಲಿ ನಿಂತು ತುಂಬಿದ ಕ್ಯಾನು ಹತ್ತಿಸಿಕೊಳ್ಳುತ್ತದೆ, ತೊಳೆದ ಖಾಲಿ ಕ್ಯಾನು ಇಳಿಸುತ್ತದೆ. ದಾರಿಯೂ ನಿಗದಿ, ಹೊತ್ತೂ ನಿಗದಿ. ಯಾವ ಊರಿನ ಸಂಘವೂ ಬೇರೆ ಗಾಡಿ ಇಟ್ಟುಕೊಂಡಿಲ್ಲ. ಒಕ್ಕೂಟಕ್ಕೂ ಆ ಗಾಡಿಗಳಲ್ಲಿ ಎಷ್ಟೋ ಗುತ್ತಿಗೆಯವು. ತಣ್ಣಗಿಡುವ ಬಲ್ಕ್ ಕೂಲರ್‌ಗಳು, ಟ್ಯಾಂಕರ್‌ಗಳು ಬಂದ ಮೇಲೆ ಕ್ಯಾನಿನ ಸದ್ದು ಕಡಿಮೆಯಾಗಿದೆಯೇ ಹೊರತು ಕ್ರಮ ಬದಲಾಗಿಲ್ಲ.

ಕಾರು ತಯಾರಿಸುವವರು ಈ ಕ್ರಮಕ್ಕೆ ಇಟ್ಟಿರುವ ಹೆಸರೂ 'ಮಿಲ್ಕ್ ರನ್' ಎಂದೇ. ಬಿಡದಿಯಲ್ಲಿ 1999ರ ಕೊನೆಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಕ್ವಾಲಿಸ್ ತಯಾರಿಸಲು ಶುರುಮಾಡಿದಾಗ ಅದರ ಬಿಡಿಭಾಗಗಳ ಸಾಗಾಟವನ್ನು ನೋಡಿಕೊಳ್ಳಲು ಹುಟ್ಟಿಕೊಂಡದ್ದು ಟ್ರಾನ್‌ಸಿಸ್ಟಮ್ ಲಾಜಿಸ್ಟಿಕ್ಸ್. ಮೇಲೆ ಹೇಳಿದ ಕಲ್ಕತ್ತ ಮೂಲದ ಕಂಪನಿ ಮತ್ತು ಜಪಾನಿನ ಮಿತ್ಸುಯಿ ಸೇರಿ 1999ರಲ್ಲಿ ಕಟ್ಟಿದ್ದು. ಬಿಡಿಭಾಗ ತಯಾರಿಸುವ ಹತ್ತಾರು ಕಡೆಗೆ ಒಂದೇ ಲಾರಿ ಸುತ್ತುತ್ತದೆ. ಇಲ್ಲಿ ಇಷ್ಟು ಸೀಟಿನ ಭಾಗ, ಅಲ್ಲಿ ಇಷ್ಟು ಕನ್ನಡಿ, ಇನ್ನೊಂದು ಕಡೆ ವೈರು. ಬೇಕಾದಷ್ಟೇ ಎತ್ತಿಕೊಂಡು, ಖಾಲಿ ಡಬ್ಬಿಗಳನ್ನು ಹಿಂದಿರುಗಿಸಿ, ಗೊತ್ತುಮಾಡಿದ ಹೊತ್ತಿಗೆ ಕಾರ್ಖಾನೆಯ ಬಾಗಿಲಿಗೆ ಬರುತ್ತದೆ. ಟೊಯೋಟದ ತೈಇಚಿ ಓನೊ ಎಂಬ ಎಂಜಿನಿಯರ್ ಬೆಳೆಸಿದ ಪದ್ಧತಿಯ ತಿರುಳು ಇದು: ಬೇಕಾದ ವಸ್ತು, ಬೇಕಾದಷ್ಟು, ಬೇಕಾದಾಗ. ಕಾರ್ಖಾನೆಯೊಳಗೆ ದಾಸ್ತಾನು ಪೇರಿಸಿಟ್ಟರೆ ಜಾಗ ಹಾಳು, ಅದರಲ್ಲಿ ಸಿಕ್ಕಿಬಿದ್ದ ದುಡ್ಡಿಗೆ ಬಡ್ಡಿ ಹಾಳು, ಮೇಲಾಗಿ ತಪ್ಪು ತಯಾರಾದ ಭಾಗ ರಾಶಿಯೊಳಗೆ ಹುದುಗಿ ತಡವಾಗಿ ಗೊತ್ತಾಗುತ್ತದೆ. ದಾಸ್ತಾನಿಲ್ಲದ ಕಾರ್ಖಾನೆ ಜಗತ್ತಿನಾದ್ಯಂತ ಮೆಚ್ಚುಗೆ ಪಡೆಯಿತು, ಪಡೆಯಬೇಕಾದದ್ದೇ.

ಆದರೆ ದಾಸ್ತಾನು ಮಾಯವಾಯಿತೇ? ಒಂದು ಪಾಲು ಮಾಯವಾಯಿತು, ಇನ್ನೊಂದು ಪಾಲು ಚಕ್ರದ ಮೇಲೆ ಹತ್ತಿತು. ಕಾರ್ಖಾನೆಯಲ್ಲಿ ಕಾಯುತ್ತಿದ್ದ ವಸ್ತು ಈಗ ಹೆದ್ದಾರಿಯಲ್ಲಿ, ಇಲ್ಲವೇ ಗೇಟಿನ ಹೊರಗೆ ಕಾಯುತ್ತದೆ. ವಸ್ತುವಿನ ಜೊತೆ ಒಬ್ಬ ಮನುಷ್ಯನೂ ಕಾಯುತ್ತಾನೆ. ತಡವಾದರೆ ಇಡೀ ಕಾರ್ಖಾನೆ ನಿಂತೀತೆಂಬ ಭಯ ಅವನ ತಲೆಯ ಮೇಲೆ. ಬೇಗ ಬಂದರೆ ಒಳಗೆ ಬಿಡುವುದಿಲ್ಲ, ಹೊರಗೆ ನಿಲ್ಲಬೇಕು. ಕರಾರು ಚೆನ್ನಾಗಿದ್ದಲ್ಲಿ ಕಾದ ದಿನಕ್ಕೆ 'ಹಾಲ್ಟಿಂಗ್' ದುಡ್ಡು ಸಿಗುತ್ತದೆ. ಅದು ಲಾರಿ ಮಾಲೀಕನಿಗೆ ಬಂದು ಸೇರುತ್ತದೆ. ಅಲ್ಲಿಂದ ಚಾಲಕನವರೆಗೆ ಇಳಿಯುತ್ತದೆಯೇ ಎಂಬುದು ಮಾಲೀಕನ ಮನಸ್ಸಿಗೆ ಬಿಟ್ಟದ್ದು. ದೊಡ್ಡ ಕಂಪನಿ ಸಾಗಾಟವನ್ನು ಒಬ್ಬನಿಗೆ ಒಪ್ಪಿಸುತ್ತದೆ, ಅವನು ಹತ್ತು ಲಾರಿಯ ಗುತ್ತಿಗೆದಾರನಿಗೆ, ಆ ಗುತ್ತಿಗೆದಾರ ಬ್ರೋಕರನ ಮೂಲಕ ಒಂದೇ ಲಾರಿಯ ಮಾಲೀಕನಿಗೆ. ಹೀಗೆ ಮೂರನೆಯವನ ಬೆನ್ನಿಗೆ ನಾಲ್ಕನೆಯವನು, ಐದನೆಯವನು. ಇವರನ್ನೆಲ್ಲ ನೋಡಿಕೊಳ್ಳಲು ಲಾರಿಯೂ ಇಲ್ಲದ, ಗೋದಾಮೂ ಇಲ್ಲದ, ಬರೀ ಬುದ್ಧಿ ಮಾರುವ 'ಫೋರ್ತ್ ಪಾರ್ಟಿ'ಯೂ 1990ರ ದಶಕದಲ್ಲೇ ಹುಟ್ಟಿದೆ.

ಕಾನೂನು ಮಾತ್ರ ಮೂರನೆಯವನನ್ನು ಮೊದಲಿನಿಂದಲೂ ಗಟ್ಟಿಯಾಗಿ ಹಿಡಿದಿದೆ. ಭಾರತದಲ್ಲಿ 1865ರ ಕ್ಯಾರಿಯರ್ಸ್ ಕಾಯ್ದೆಯ ಪ್ರಕಾರ, ಒಪ್ಪಿಸಿದ ಸರಕು ಕಳೆದರೆ ಅಥವಾ ಹಾಳಾದರೆ ಸಾಗಿಸುವವನ ತಪ್ಪನ್ನು ಸರಕಿನ ಒಡೆಯ ಸಾಬೀತು ಮಾಡಬೇಕಿರಲಿಲ್ಲ. ಕಳೆದದ್ದೇ ಸಾಕು, ಸಾಗಿಸುವವನು ಉತ್ತರ ಹೇಳಬೇಕು. ರಸೀದಿಯ ಮೇಲೆ 'ಮಾಲೀಕರ ಜವಾಬ್ದಾರಿಗೆ' ಎಂದು ಅಚ್ಚು ಹಾಕಿಸಿ ನುಣುಚಿಕೊಳ್ಳಲು ಲಾರಿ ಆಫೀಸುಗಳು ನೋಡಿದ್ದುಂಟು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ, ಅಷ್ಟು ಬರೆದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲವೆಂದು ಹೇಳಿತು. ಆ ಹಳೆಯ ಕಾಯ್ದೆಯ ಜಾಗಕ್ಕೆ 2007ರ ಹೊಸ ಕಾಯ್ದೆ 2011ರ ಮಾರ್ಚ್‌ನಿಂದ ಜಾರಿಗೆ ಬಂದಿದೆ. ದೈವಕೋಪ, ಯುದ್ಧ, ದೊಂಬಿಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಹೊಣೆ ಸಾಗಿಸುವವನದೇ.

ದೈವಕೋಪವೆಂದರೇನೆಂದು ಮಂಗಳೂರು ಬಂದರಿಗೆ ಕಾಫಿ ಕಳಿಸುವವರನ್ನು ಕೇಳಬೇಕು. 2018ರ ಆಗಸ್ಟಿನ ಮಳೆಗೆ ಶಿರಾಡಿ ಘಾಟಿ ಕುಸಿದು ದಾರಿ ಮುಚ್ಚಿದಾಗ ಕಾಯ್ದೆಯ ಪುಸ್ತಕ ಸರಕಿನ ನಷ್ಟದ ಬಗ್ಗೆ ಮಾತಾಡಿತೇ ಹೊರತು ಸುತ್ತುದಾರಿಯ ಡೀಸೆಲ್ ಬಗ್ಗೆ ಅಲ್ಲ. ಹಡಗು ಕಾಯುವುದಿಲ್ಲ. ದಾರಿ ಹುಡುಕಬೇಕಾದವನು ಮತ್ತೆ ಅವನೇ.

ಅವನಿಲ್ಲದಿದ್ದರೆ ಏನಾಗುತ್ತದೆಂಬುದು ಜನಕ್ಕೆ ಆಗಾಗ, ತುಸು ಹೊತ್ತು, ಗೊತ್ತಾಗುತ್ತದೆ. 2018ರ ಜುಲೈನಲ್ಲಿ ಲಾರಿಗಳು ಎಂಟು ದಿನ ಮುಷ್ಕರ ಹೂಡಿದಾಗ ಮಾರುಕಟ್ಟೆಗಳಲ್ಲಿ ಮಾತೆಲ್ಲ ಅದೇ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿದಾಗ ಮನೆಯೊಳಗಿದ್ದವರು ಬೇಳೆ ಡಬ್ಬಿಯ ತಳ ನೋಡಿಕೊಂಡರು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಎಲ್ಲೆಂದರಲ್ಲಿ ನಿಂತಿದ್ದವು. ಇಳಿಸಿಕೊಳ್ಳಬೇಕಾದ ಗೋದಾಮಿಗೆ ಬೀಗ, ಊಟ ಹಾಕಬೇಕಾದ ಢಾಬಾಕ್ಕೆ ಬೀಗ. ಸರಕು ಬಿಟ್ಟು ಊರಿಗೆ ಹೋಗೋಣವೆಂದರೆ ರಸೀದಿಯ ಹೊಣೆ ಇದೆ. ಎಷ್ಟೋ ಚಾಲಕರು ಕ್ಯಾಬಿನ್ನಿನಲ್ಲೇ ದಿನಗಟ್ಟಲೆ ಕಳೆದರು. ಆ ವಾರಗಳಲ್ಲಿ ಯಾರದೋ ಮನೆಗೆ ಹಾಲಿನ ಪುಡಿ, ಇನ್ಯಾರದೋ ಮನೆಗೆ ಸಕ್ಕರೆ ಕಾಯಿಲೆಯ ಮಾತ್ರೆ ತಲುಪಿದ್ದರೆ ನಡುವೆ ಒಬ್ಬ ಚಾಲಕ ಗಾಡಿಯನ್ನು ಬಿಟ್ಟು ಹೋಗಿರಲಿಲ್ಲ.

ಓದುವ ಮಕ್ಕಳಿಗೆ ಈ ಕ್ಷೇತ್ರವನ್ನು ತೋರಿಸುವವರು ಸಾಮಾನ್ಯವಾಗಿ ಬಾರ್‌ಕೋಡು, ಉಪಗ್ರಹ, ಗಣಕಯಂತ್ರದ ತೆರೆಯ ಮೇಲೆ ಚಲಿಸುವ ಚುಕ್ಕೆಗಳನ್ನು ತೋರಿಸುತ್ತಾರೆ. ಅದೆಲ್ಲ ಸುಳ್ಳಲ್ಲ. 2018ರ ಏಪ್ರಿಲ್‌ನಿಂದ ಈ-ವೇ ಬಿಲ್ ಬಂದು, 50,000 ರೂಪಾಯಿಗೆ ಮೇಲ್ಪಟ್ಟ ಸರಕು ಹೊರಡುವ ಮೊದಲೇ ಅದರ ಜಾತಕ ಸರಕಾರದ ಗಣಕದಲ್ಲಿ ಬರೆಯಲ್ಪಡುತ್ತದೆ. ಲಾರಿ ಎಲ್ಲಿದೆಯೆಂದು ಬೆಂಗಳೂರಿನಲ್ಲಿ ಕುಳಿತವರಿಗೆ ಗೊತ್ತು. ಆದರೆ ಚುಕ್ಕೆ ಯಾಕೆ ನಿಂತಿದೆಯೆಂದು ತೆರೆ ಹೇಳುವುದಿಲ್ಲ. ಟೈರು ಪಂಕ್ಚರೋ, ಚಾಲಕನಿಗೆ ಜ್ವರವೋ, ಗೇಟಿನಲ್ಲಿ ಸರದಿಯೋ. ಒಳ್ಳೆಯ ಮೇಲ್ವಿಚಾರಕಿಗೂ ಸಾಧಾರಣ ಮೇಲ್ವಿಚಾರಕಿಗೂ ಇರುವ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ: ಒಬ್ಬಳು ಚುಕ್ಕೆಗೆ ತಡವಾಯಿತೆಂದು ದಂಡ ಬರೆಯುತ್ತಾಳೆ, ಇನ್ನೊಬ್ಬಳು ಫೋನು ಎತ್ತಿಕೊಂಡು "ಏನಾಯ್ತಣ್ಣ?" ಎಂದು ಕೇಳುತ್ತಾಳೆ. ದಂಡ ಬರೆದವಳಿಗೆ ಆ ದಿನದ ಲೆಕ್ಕ ಸರಿಹೋಗುತ್ತದೆ. ಕೇಳಿದವಳಿಗೆ ಮುಂದಿನ ದೀಪಾವಳಿಯ ಹಿಂದಿನ ವಾರ, ಲಾರಿಗಳೇ ಸಿಗದ ಹೊತ್ತಿನಲ್ಲಿ, ಲಾರಿ ಸಿಗುತ್ತದೆ.

ಕಿರಾಣಿ ವ್ಯಾಪಾರಿಯ ಮಗಳು ಆ ಕೋರ್ಸಿಗೆ ಸೇರಿದರೆ ಪಠ್ಯದಲ್ಲಿ ದಾಸ್ತಾನಿನ ಸೂತ್ರಗಳಿರುತ್ತವೆ, ದಾರಿಯ ನಕ್ಷೆಗಳಿರುತ್ತವೆ, ತೆರಿಗೆಯ ಪಾಠವಿರುತ್ತದೆ. ಮನುಷ್ಯ ಕಾಯುವ ಹೊತ್ತಿಗೆ ಬೆಲೆ ಕಟ್ಟುವ ಅಧ್ಯಾಯ ಎಷ್ಟು ಪುಟದ್ದೆಂದು ಅವಳೇ ಪುಟ ತಿರುವಿ ನೋಡಲಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ ಕೆಲಸವೆಂದು ಬರೆದಿತ್ತು. ಹೆದ್ದಾರಿಯಲ್ಲಿ ಅದನ್ನು ನಂಬಿದವರು ಕಡಿಮೆ. ಬೇಸಿಗೆಯಲ್ಲಿ ಎಂಜಿನ್ನಿನ ಪಕ್ಕ ಕೂತು ಬೇಯುವ ಚಾಲಕನಿಗೆ ತಂಪಿನ ಕ್ಯಾಬಿನ್ ಕಡ್ಡಾಯವಾದದ್ದು 2025ರಲ್ಲಿ, ಅದೂ ಹೊಸದಾಗಿ ತಯಾರಾಗುವ ಲಾರಿಗಳಿಗೆ ಮಾತ್ರ. ಅದಕ್ಕೂ ಹಿಂದೆ ತಯಾರಾಗಿ ರಸ್ತೆಯಲ್ಲಿರುವ ಲಾರಿಗಳ ಚಾಲಕರು ಕಿಟಕಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು, ನೆಲಮಂಗಲದ ಗೋದಾಮಿನ ಗೇಟಿನ ಮುಂದೆ ತಮ್ಮ ನಂಬರು ಕೂಗುವುದನ್ನೇ ಕಾಯುತ್ತ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ.